ಗೇನ್ ಎಲ್ಲಿಗೆ ನಿಲ್ಲಿಸೋದು?

ನ್ಯಾಮತಿಯಿಂದ ಸವಳಂಗದ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು. ಕಾರು, ಟ್ರ್ಯಾಕ್ಟರುಗಳಿಗೆ ಡೆಕ್ಕು, ಸ್ಪೀಕರು ಹಾಕಿಕೊಡುವ ಜಾಗ. ನಡೆಸುವ ಹುಡುಗ ಐಟಿಐ ಎಲೆಕ್ಟ್ರಾನಿಕ್ಸ್ ಮುಗಿಸಿದವನು. ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಹಿರಿಯರು ಒಂದು ಕಾಲಕ್ಕೆ ಸುತ್ತಿನ ಹಳ್ಳಿಗಳ ಮದುವೆ, ನಾಟಕ, ಜಾತ್ರೆಗಳಿಗೆಲ್ಲ ಮೈಕ್‌ಸೆಟ್ ಕಟ್ಟಿದವರು. ಇಬ್ಬರ ನಡುವೆ ಬಾಗಿಲು ತೆರೆದು ನಿಂತಿರುವುದು ಒಂದು ಹಳೆಯ ಸ್ವಿಫ್ಟ್. ಬಾಗಿಲುಗಳಿಗೆ ನಾಲ್ಕು ಸ್ಪೀಕರ್, ಡಿಕ್ಕಿಯಲ್ಲಿ 12 ಇಂಚಿನ ಸಬ್‌ವೂಫರ್, ಎರಡಕ್ಕೂ ಬೇರೆ ಬೇರೆ ಆಂಪ್ಲಿಫೈಯರ್. ವೈರಿಂಗ್ ಹೆಚ್ಚುಕಡಿಮೆ ಮುಗಿದಿದೆ. ಉಳಿದಿರುವುದು ಆಂಪ್ಲಿಫೈಯರಿನ ಬದಿಯಲ್ಲಿರುವ, ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸಬೇಕಾದ ಒಂದು ಸ್ಕ್ರೂ. ಅದರ ಕೆಳಗೆ ‘ಗೇನ್’ ಎಂದು ಬರೆದಿದೆ. ಗಾಡಿಯವನು ಹೊನ್ನಾಳಿಗೆ ಹೋಗಿದ್ದಾನೆ.

ಹಿರಿಯರು: ಎಲ್ಲ ಮುಗೀತಲ್ಲ ತಮ್ಮಾ, ಒಂದು ಹಾಡು ಹಚ್ಚು, ಕೇಳಾಣ.

ಹುಡುಗ: ಸ್ಪೀಕರ್ ವೈರ್ ಇನ್ನೂ ಕೊಟ್ಟಿಲ್ಲ ಕಾಕಾ, ಬೇಕಂತಲೇ ಬಿಟ್ಟಿದೀನಿ. ಮೊದ್ಲು ಮೀಟರ್ ಇಟ್ಟು ಗೇನ್ ಕೂರಿಸ್ತೀನಿ, ಸ್ಪೀಕರ್ ಆಮೇಲೆ.

ಹಿರಿಯರು: ಸದ್ದೇ ಇಲ್ದೆ ಸದ್ದು ಸೆಟ್ ಮಾಡೋದಾ? ನಾವು ಮೈಕ್ ಕಟ್ಟಿದ್ರೆ ಮೊದ್ಲು ‘ಹಲೋ ಹಲೋ’ ಅನ್ನೋದು, ಆಮೇಲೆ ಜನದ ಕೊನೇ ಸಾಲಿಗೆ ನಡ್ಕಂಡು ಹೋಗಿ ನಿಂತು ಕೇಳೋದು. ಅಲ್ಲಿಗೆ ಮಾತು ಬಿಡಿಬಿಡಿಯಾಗಿ ಬಂತಾ, ಕೆಲಸ ಆಯ್ತು. ನೀನು ನೋಡಿದ್ರೆ ಮೂಗಗಾಡಿಗೆ ಮೀಟರ್ ಹಚ್ತಿದೀಯ.

ಹುಡುಗ: ನೀವು ತಿರುಗಿಸ್ತಿದ್ದದ್ದು ವಾಲ್ಯೂಮು. ಇದು ವಾಲ್ಯೂಮ್ ಅಲ್ಲ.

ಹಿರಿಯರು: ತಿರುಗಿಸಿದ್ರೆ ಸದ್ದು ಜಾಸ್ತಿ ಆಗ್ತೈತೋ ಇಲ್ವೋ?

ಹುಡುಗ: ಆಗ್ತೈತೆ.

ಹಿರಿಯರು: ಮತ್ತೆ?

ಹುಡುಗ: ಜಾಸ್ತಿ ಆಗ್ತೈತೆ, ಆದ್ರೆ ಅದರ ಕೆಲಸ ಅದಲ್ಲ. ಡೆಕ್ಕಿಂದ ಆಂಪ್ಲಿಫೈಯರಿಗೆ ಬರೋ ಸಿಗ್ನಲ್ ಎಲ್ಲ ಗಾಡೀಲೂ ಒಂದೇ ಥರ ಇರಲ್ಲ. ಒಂದು ಡೆಕ್ಕು ಹೆಚ್ಚಂದ್ರೆ 2 ವೋಲ್ಟ್ ಕೊಡ್ತೈತೆ, ಇನ್ನೊಂದು 4 ವೋಲ್ಟ್. ಆಂಪ್ಲಿಫೈಯರ್ ಮಾಡೋನಿಗೆ ನಿಮ್ಮ ಗಾಡೀಲಿ ಯಾವ ಡೆಕ್ಕು ಐತೆ ಅಂತ ಹೆಂಗ್ ಗೊತ್ತಾಗ್ಬೇಕು? ಅದಕ್ಕೇ ಈ ಸ್ಕ್ರೂ ಕೊಟ್ಟಿರ್ತಾನೆ. ಇಲ್ಲಿ ನೋಡ್ರಿ, ಒಂದು ತುದೀಲಿ 6 ವೋಲ್ಟ್, ಇನ್ನೊಂದು ತುದೀಲಿ 0.2 ವೋಲ್ಟ್ ಅಂತ ಬರ್ದೈತೆ. ‘ಎಷ್ಟು ವೋಲ್ಟ್ ಒಳಗೆ ಬಂದ್ರೆ ನಾನು ಪೂರ್ತಿ ಶಕ್ತಿ ಹಾಕ್ಬೇಕು’ ಅಂತ ಅದು ಕೇಳ್ತಿರೋದು. ಅದಕ್ಕೆ ಉತ್ತರ ಕೊಡೋದೇ ಗೇನ್ ಸೆಟ್ ಮಾಡೋದು.

ಹಿರಿಯರು: ಹಂಗಾದ್ರೆ ಇದು ಟ್ರ್ಯಾಕ್ಟರಿನ ಗವರ್ನರ್ ಇದ್ದಂಗೆ ಅನ್ನು. ಇಷ್ಟರ ಮೇಲೆ ಓಡಬೇಡ ಅಂತ ಹಿಡಿಯೋದು.

ಹುಡುಗ: ಎಲ್ಲರೂ ಹಂಗೇ ತಿಳ್ಕಂತಾರೆ ಕಾಕಾ. ಗವರ್ನರ್ ಆದ್ರೆ ನೀವು ಎಷ್ಟು ಎಳೆದ್ರೂ ಹಿಡೀತೈತೆ. ಗೇನ್ ಹಿಡಿಯಲ್ಲ. ನಾನು ಕಡಿಮೆ ಇಟ್ಟು ಕಳ್ಸಿದ್ರೂ, ಈ ಗಾಡಿಯವನು ಡೆಕ್ಕಿನ ವಾಲ್ಯೂಮ್ ಮೇಲಕ್ಕೆ ಎಳೆದು, ಬಾಸ್ ಬೂಸ್ಟ್ ಒತ್ತಿದ ಅಂದ್ರೆ ಆಂಪ್ಲಿಫೈಯರ್ ಪೂರ್ತಿ ಶಕ್ತಿಗೂ ಹೋಗ್ತೈತೆ, ಅದನ್ನೂ ದಾಟಿ ಸೌಂಡ್ ಒಡಿಯೋಕೂ ಹೋಗ್ತೈತೆ.

ಹಿರಿಯರು: ಮತ್ತೆ ನಿನ್ನ ಮೀಟರ್ ಯಾವ ಸುಖಕ್ಕೆ? ಹೆಂಗಿದ್ರೂ ಅವನ ಕೈಯಲ್ಲೇ ಇರೋದಾದ್ರೆ ನಾನು ಕಿವಿ ಕೊಟ್ಟು ಮಾಡಿದ್ರೂ ಆಯ್ತು, ನೀನು ಮೀಟರ್ ಕೊಟ್ಟು ಮಾಡಿದ್ರೂ ಆಯ್ತು.

ಹುಡುಗ: ಸರಿ, ಕಿವಿ ಕೊಟ್ಟು ನೀವು ಹೆಂಗೆ ಮಾಡ್ತೀರಿ ಹೇಳ್ರಿ.

ಹಿರಿಯರು: ಗೇನ್ ಪೂರ್ತಿ ಇಳ್ಸಿಬಿಡು. ಬಾಸ್, ಟ್ರೆಬಲ್ ಎಲ್ಲ ಸೊನ್ನೆಗೆ ತಗಂಬಾ. ಡೆಕ್ಕಿನ ವಾಲ್ಯೂಮ್ ಮುಕ್ಕಾಲಿಗೆ ಇಡು. ಚೆನ್ನಾಗಿ ಗೊತ್ತಿರೋ ಹಾಡು ಹಚ್ಚು. ನಾನಾದ್ರೆ ನಮ್ಮ ಶಿವಮೊಗ್ಗ ಸುಬ್ಬಣ್ಣನ ದನಿ ಹಚ್ಚೋನು. ಕಂಬಾರರ ‘ಕಾಡು ಕುದುರೆ’ ಸಿನಿಮಾದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತಲ್ಲ, ಆ ಕಂಠ ಎಲ್ಲಿ ಏರ್ತೈತೆ, ಎಲ್ಲಿ ತೆರೀತೈತೆ ಅಂತ ನಂಗೆ ಬಾಯಿಪಾಠ. ಆಮೇಲೆ ಗೇನ್ ನಿಧಾನ ಏರಿಸ್ತಾ ಹೋಗು. ದನಿ ಎಲ್ಲಿ ಹರಕು ಅನ್ಸುತ್ತೋ ಅಲ್ಲಿಂದ ಒಂದಿಷ್ಟು ಹಿಂದಕ್ಕೆ ತಿರುಗ್ಸು. ಮುಗೀತು.

ಹುಡುಗ: ಕಂಠಕ್ಕೆ ಸರಿ ಕಾಕಾ. ಬಾಗಿಲಿನ ಸ್ಪೀಕರಿಗೆ ಒಪ್ತೀನಿ. ಡಿಕ್ಕೀಲಿರೋ ಸಬ್‌ಗೆ ಒಪ್ಪಲ್ಲ. ಈ ಕಡೆ ಬರ್ರಿ, ಒಂದು ತೋರಿಸ್ತೀನಿ.

(ಮೂಲೆಯಿಂದ ಒಂದು ಹಳೆಯ ಸಬ್‌ವೂಫರ್ ತಂದು ಮೇಜಿನ ಮೇಲೆ ಅಂಗಾತ ಇಡುತ್ತಾನೆ.)

ಹುಡುಗ: ಎರಡೂ ಕೈ ಬೆರಳು ಹರವಿ, ಕೋನ್‌ನ ಸುತ್ತ ಒಂದೇ ಸಮ ಮೆಲ್ಲಗೆ ಒತ್ರಿ. ಒಂದು ಕಡೆಗೆ ಭಾರ ಬಿಡಬೇಡ್ರಿ. ಏನ್ ಕೇಳ್ತೈತೆ?

ಹಿರಿಯರು: ಕರ ಕರ ಅಂತೈತೆ. ಮರಳಿನ ಮೇಲೆ ತಗಡು ಎಳೆದಂಗೆ. (ಮೂಗು ಹತ್ತಿರ ಒಯ್ದು) ವಾರ್ನಿಷ್ ಸುಟ್ಟ ವಾಸನೆ. ಕಾಯಿಲ್ ಹೋಗೈತಿದು.

ಹುಡುಗ: ಕಾಯಿಲ್ ಕಾದು, ಅಂಟು ಬಿಟ್ಟು, ಸುತ್ತು ಉಬ್ಬಿ ಮ್ಯಾಗ್ನೆಟ್ಟಿಗೆ ಉಜ್ತೈತೆ. ಇದರ ಗೇನ್ ಸೆಟ್ ಮಾಡಿದ್ದು ಕಿವೀಲೇ. ಗಾಡಿಯವನು ‘ಪಂಚ್ ಬರ್ತಿಲ್ಲ, ಇನ್ನೊಂಚೂರು, ಇನ್ನೊಂಚೂರು’ ಅಂತಿದ್ನಂತೆ. ಫಿಟ್ಟರ್ ತಿರುಗಿಸ್ತಾ ಹೋದ. ಹರಕು ದನಿ ಯಾರಿಗೂ ಕೇಳಿಸ್ಲಿಲ್ಲ.

ಹಿರಿಯರು: ಕಿವುಡರಾ ಇಬ್ರೂ?

ಹುಡುಗ: ಯಾರ ಕಿವಿಗೂ ಕೇಳಿಸಲ್ಲ ಕಾಕಾ, ಅದೇ ಇದರ ತಂಟೆ. ಆಂಪ್ಲಿಫೈಯರಿನ ಶಕ್ತಿ ಮುಗಿದ ಮೇಲೂ ಸಿಗ್ನಲ್ ಇನ್ನೂ ಬೇಕು ಅಂದ್ರೆ, ಅಲೆಯ ನೆತ್ತಿ ಚಪ್ಪಟೆಯಾಗಿ ಕತ್ತರಿಸಿ ಹೋಗ್ತೈತೆ. ಕ್ಲಿಪ್ಪಿಂಗ್ ಅನ್ನೋದು ಇದಕ್ಕೇ. 50 ಹರ್ಟ್ಜ್‌ನ ಬಾಸ್ ಹಿಂಗೆ ಕತ್ತರಿಸಿದ್ರೆ ಅದರ ಜೊತೆಗೆ 150, 250 ಹರ್ಟ್ಜ್‌ನ ಸದ್ದೂ ಹುಟ್ಕಂತೈತೆ. ಕಿವಿಗೆ ಅದು ಹರಕು ಅನ್ಸಲ್ಲ, ಗಟ್ಟಿ ಅನ್ಸುತ್ತೆ. ಆ ಗಾಡಿಯವನು ಪಂಚ್ ಅಂತ ಕೇಳಿದ್ದೇ ಕ್ಲಿಪ್ಪಿಂಗು. ಕಂಠ ಒಡೆದ್ರೆ ನಿಮ್ಮ ಕಿವಿ ತಕ್ಷಣ ಹಿಡೀತೈತೆ. ಬಾಸ್ ಒಡೆದ್ರೆ ಭೇಷ್ ಅಂತೈತೆ.

ಹಿರಿಯರು: ಅಲೆ ಚಪ್ಪಟೆ ಆದ್ರೆ ಸ್ಪೀಕರ್ ಯಾಕೆ ಸುಡ್ಬೇಕು? ಕೋನ್ ಆ ತುದೀಲಿ ನಿಂತ್ಕಂಡು ಗಾಳಿ ಸಿಗದೇ ಸುಡ್ತೈತೆ ಅಂತ ಎಲ್ಲರೂ ಹೇಳ್ತಾರೆ.

ಹುಡುಗ: ಅಷ್ಟು ಮಾತು ಬೇಕಾಗಿಲ್ಲ. ಎತ್ತರ ಅಷ್ಟೇ ಇಟ್ಟು ಅಲೆಯನ್ನ ಪೂರ್ತಿ ಚೌಕ ಮಾಡಿದ್ರೆ ಶಕ್ತಿ ಎರಡು ಪಟ್ಟು ಆಗ್ತೈತೆ. 300 ವ್ಯಾಟ್ ತಡಿಯೋ ಕಾಯಿಲ್‌ಗೆ 600ರ ಕಡೆ ಹೋದ್ರೆ ಕಾಯದೇ ಏನ್ ಮಾಡ್ತೈತೆ? ಅದೂ ಒಂದು ಕ್ಷಣ ಅಲ್ಲ, ಹಾಡು ಪೂರ್ತಿ. ಚಪ್ಪಟೆ ಅಲೆ ಅಂದ್ರೇನೇ ವಿಷ ಅಂತಲ್ಲ. ಕಾಯಿಲ್ ತಡಿಯೋದಕ್ಕಿಂತ ಸರಾಸರಿ ಶಾಖ ಜಾಸ್ತಿ ಆದ್ರೆ ಸುಡ್ತೈತೆ, ಇಲ್ದಿದ್ರೆ ಇಲ್ಲ. ದೊಡ್ಡ ಸ್ಪೀಕರಿಗೆ ಸಣ್ಣ ಆಂಪ್ಲಿಫೈಯರ್ ಒಡೆದ್ರೂ ಎಷ್ಟೋ ಸಲ ಏನೂ ಆಗಲ್ಲ.

ಹಿರಿಯರು: ಹೂಂ. ಈಗ ನಿನ್ನ ಮೀಟರಿನ ಲೆಕ್ಕ ಹೇಳು.

ಹುಡುಗ: ಶಕ್ತಿಯನ್ನ ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದ್ರೆ ಎಷ್ಟು ವೋಲ್ಟ್ ಬರ್ಬೇಕು ಅಂತ ಸಿಗ್ತೈತೆ. ಸಬ್‌ನ ಆಂಪ್ಲಿಫೈಯರ್ 2 ಓಮ್‌ಗೆ 500 ವ್ಯಾಟ್ ಕೊಡ್ತೈತೆ. ಅದರ ಲೆಕ್ಕ 31.6 ವೋಲ್ಟ್. ಆದ್ರೆ ಸಬ್ ತಡಿಯೋದು 300. ಆಗ 300 ಗುಣಿಸು 2, 600, ವರ್ಗಮೂಲ 24.5. ಎರಡರಲ್ಲಿ ಕಡಿಮೆ ಯಾವುದೋ ಅದು. ಪೆನ್‌ಡ್ರೈವಲ್ಲಿ 50 ಹರ್ಟ್ಜ್‌ನ ಟೋನ್ ಐತೆ, ಸೊನ್ನೆ ಡೆಸಿಬಲ್‌ದು, ಅಂದ್ರೆ ಫೈಲಲ್ಲಿ ಅದಕ್ಕಿಂತ ಜೋರಾಗಿ ಬರೆಯೋಕೇ ಆಗಲ್ಲ. ಡೆಕ್ಕಿನ ವಾಲ್ಯೂಮ್ ಒಟ್ಟು 40, ಈಗ 30ಕ್ಕೆ ಇಟ್ಟಿದೀನಿ. ಅದರ ಮೇಲೆ ಹೋದ್ರೆ ಎಷ್ಟೋ ಡೆಕ್ಕುಗಳೇ ಸೌಂಡ್ ಒಡೀತಾವೆ. ಟೋನ್ ಓಡಿಸಿ, ಮೀಟರ್ ಏಸಿ ವೋಲ್ಟಿಗೆ ಇಟ್ಟು, ಸ್ಪೀಕರ್ ಟರ್ಮಿನಲ್ಲಿಗೆ ಕಡ್ಡಿ ಹಿಡಿದು, ಗೇನ್ ಏರಿಸ್ತಾ ಹೋಗೋದು. 24.5 ಬಂತಾ, ನಿಲ್ಸು. ಇಷ್ಟೇ.

ಹಿರಿಯರು: ಬಾಗಿಲ ಸ್ಪೀಕರಿಗೂ ಅದೇ ಟೋನಾ?

ಹುಡುಗ: ಅಲ್ಲ, ಅದಕ್ಕೆ 300 ಹರ್ಟ್ಜ್. ಅಲ್ಲಿ ಬಾಸ್ ಹೋಗದಂಗೆ ಫಿಲ್ಟರ್ ಹಾಕಿರ್ತೀನಿ, 50 ಕೊಟ್ರೆ ಮೀಟರ್ ಸುಳ್ಳು ಹೇಳ್ತೈತೆ. ಅದು ಚಾನೆಲ್‌ಗೆ 75 ವ್ಯಾಟು, 4 ಓಮು, 17.3 ವೋಲ್ಟ್.

ಹಿರಿಯರು: ಎಲ್ಲರೂ 1000 ಹರ್ಟ್ಜ್ ಕೊಡ್ತಾರಂತಲ್ಲ?

ಹುಡುಗ: ಮೀಟರ್ ಒಳ್ಳೇದಿದ್ರೆ ಕೊಡ್ಬಹುದು. ನನ್ನದು ಕಡಿಮೆ ಬೆಲೇದು. ಮನೆ ಕರೆಂಟಿನ 50 ಹರ್ಟ್ಜ್ ಅಳಿಯೋಕೆ ಮಾಡಿದ್ದು; 400 ದಾಟಿದ್ರೆ ಅದರ ಮಾತು ನಂಬಂಗಿಲ್ಲ.

ಹಿರಿಯರು: ನೀನೇ ಹೇಳ್ದಂಗಾಯ್ತು. ಇನ್ನೊಂದು ಕೇಳ್ತೀನಿ. ಟೋನ್ ಓಡಿಸ್ದಾಗ ಅಲೆ ಚಪ್ಪಟೆ ಆಗೈತೋ ಇಲ್ವೋ ಅಂತ ನಿನ್ನ ಮೀಟರ್ ತೋರಿಸ್ತೈತಾ?

ಹುಡುಗ: ಇಲ್ಲ. ಅಂಕಿ ಮಾತ್ರ. ಅಲೆ ನೋಡ್ಬೇಕು ಅಂದ್ರೆ ಆಸಿಲೋಸ್ಕೋಪ್ ಬೇಕು.

ಹಿರಿಯರು: ಆ 500 ವ್ಯಾಟ್ ಅಂತ ಯಾರು ಹೇಳಿದ್ದು? ಡಬ್ಬದ ಮೇಲೆ ಬರೆದಿರೋದಾ? ನಮ್ಮ ಕಾಲದ ಟೇಪ್ ರೆಕಾರ್ಡರಿನ ಮೇಲೆ ಪಿಎಂಪಿಒ ಅಂತ ಸಾವಿರ ವ್ಯಾಟ್ ಬರೀತಿದ್ರು. ಒಳಗೆ ಬಿಚ್ಚಿ ನೋಡಿದ್ರೆ ಹತ್ತು ವ್ಯಾಟಿನ ಐಸಿ. ಡಬ್ಬ ಸುಳ್ಳು ಹೇಳಿದ್ರೆ ನಿನ್ನ ವರ್ಗಮೂಲಾನೂ ಸುಳ್ಳು.

ಹುಡುಗ: ಡಬ್ಬದ ಮೇಲಿನ ಮ್ಯಾಕ್ಸ್ ನಾನು ನೋಡೋದೇ ಇಲ್ಲ. ಡೆಕ್ಕಿನ ಮೇಲೆ ‘50 ವ್ಯಾಟ್ ಇಂಟು 4’ ಅಂತ ಇರ್ತೈತಲ್ಲ, ಅದರಲ್ಲಿ ನಿಜವಾಗಿ ಬರೋದು ಚಾನೆಲ್‌ಗೆ ಇಪ್ಪತ್ತರ ಆಸುಪಾಸು. ಆರ್‌ಎಂಎಸ್, ಅಂದ್ರೆ ಬಿಡದೆ ಕೊಡೋ ಶಕ್ತಿ, ಅದೊಂದೇ ನೋಡೋದು. ಅದರಲ್ಲೂ ಸಿಟಿಎ–2006 ಅನ್ನೋ ಗುರುತು ಇದ್ರೆ ಇನ್ನೂ ಧೈರ್ಯ: 14.4 ವೋಲ್ಟಲ್ಲಿ, 4 ಓಮ್‌ಗೆ, ಹರಕು ಶೇಕಡಾ 1ರ ಒಳಗಿರೋವಾಗ ಅಳೆದ ಅಂಕಿ ಅದು.

ಹಿರಿಯರು: 14.4 ವೋಲ್ಟು! ಈ ಗಾಡಿ ಈಗ ಬಂದ್ ಐತೆ. ಬ್ಯಾಟರಿ ಎಷ್ಟು ತೋರಿಸ್ತೈತೆ?

ಹುಡುಗ: (ಮೀಟರ್ ಹಿಡಿದು) 12.4.

ಹಿರಿಯರು: ಹಂಗಾದ್ರೆ ಆ 500 ಈಗಿಲ್ಲ. ಮುಕ್ಕಾಲು ಪಾಲು ಇರ್ಬಹುದು. ನಮ್ಮ ಮೈಕ್‌ಸೆಟ್ ಬ್ಯಾಟರಿ ಮೇಲೆ ಓಡಿಸ್ದಾಗ ರಾತ್ರಿ ಕೊನೇ ಅಂಕದ ಹೊತ್ತಿಗೆ ದನಿ ಹರೀತಿತ್ತು. ಮುಟ್ಟದೇ ಇದ್ರೂ ಹರೀತಿತ್ತು. ನಾಟಕ ಶುರುವಲ್ಲಿ ಸರಿಯಾಗಿದ್ದ ಗೇನ್ ಬೆಳಗಿನ ಜಾವಕ್ಕೆ ತಪ್ಪು. ಆಗ ಎದ್ದು ಹೋಗಿ ಇಳಿಸ್ತಿದ್ದೆ. ಇವನು ಗಾಡಿ ನಿಲ್ಸಿ, ಇಂಜಿನ್ ಬಂದ್ ಮಾಡಿ, ಗೆಳೆಯರ ಜೊತೆ ಹಾಡು ಹಚ್ಚಿದ ಅನ್ನು. ಆಗ ನಿನ್ನ 24.5 ಎಲ್ಲಿ?

ಹುಡುಗ: (ನಕ್ಕು) ಅದಕ್ಕೇ ಇಂಜಿನ್ ಸ್ಟಾರ್ಟ್ ಮಾಡಿ ಅಳಿತೀನಿ. ಆದ್ರೆ ನಿಮ್ಮ ಮಾತಿಗೆ ಉತ್ತರ ಅಲ್ಲ ಅದು, ಗೊತ್ತು. ನಿಂತ ಗಾಡಿ ಬೇರೆ, ಓಡೋ ಗಾಡಿ ಬೇರೆ. ಈಗ ನಾನು ಕೇಳ್ತೀನಿ. ಕಾಕಾ, ನಿಮ್ಮ ವಯಸ್ಸು?

ಹಿರಿಯರು: ಎಪ್ಪತ್ತು ದಾಟೈತೆ. ಯಾಕೆ?

ಹುಡುಗ: ಬೇಜಾರಾಗಬೇಡ್ರಿ. ವಯಸ್ಸಾದಂಗೆ ಕಿವಿ ಮೊದ್ಲು ಬಿಡೋದು ಮೇಲಿನ ಸದ್ದುಗಳನ್ನ. ಟ್ವೀಟರ್ ಚೀರೋದು ನಂಗೆ ಕೇಳ್ತೈತೆ, ನಿಮಗೆ ಕೇಳಲ್ಲ. ಅಷ್ಟೇ ಅಲ್ಲ, ಬೆಳಿಗ್ಗೆ ಕಿವಿ ಒಂದು ಹೇಳಿದ್ರೆ, ಮೂರು ಗಾಡಿ ಟೆಸ್ಟ್ ಮಾಡಿದ ಮೇಲೆ ಸಾಯಂಕಾಲ ಇನ್ನೊಂದು ಹೇಳ್ತೈತೆ. ಸದ್ದು ಸಣ್ಣಗಿದ್ದಾಗ ಬಾಸ್ ಕಡಿಮೆ ಕೇಳ್ತೈತೆ, ಜೋರಾದಾಗ ತಾನೇ ಏರಿದಂಗೆ ಕೇಳ್ತೈತೆ. ಫ್ಲೆಚರ್, ಮನ್ಸನ್ ಅನ್ನೋರು 1933ರಲ್ಲೇ ಇದನ್ನ ಅಳೆದು ತೋರಿಸಿದಾರೆ. ಹಿಂಗೆ ತಾನೇ ಬದಲಾಗೋ ಸಾಮಾನು ಇಟ್ಕಂಡು ಅಳಿಯೋದು ಹೆಂಗೆ?

ಹಿರಿಯರು: ಬೇಜಾರಿಲ್ಲ, ನಿಜಾನೇ. ಟ್ವೀಟರಿನ ಚೀರು ನನ್ನ ಪಾಲಿಗಿಲ್ಲ. ಆದ್ರೆ ತಮ್ಮಾ, ಟೆಲಿಫೋನು ಇಷ್ಟು ವರ್ಷ 300ರಿಂದ 3400 ಹರ್ಟ್ಜ್ ಮಾತ್ರ ಸಾಗಿಸಿ ಜನರ ಸಂಸಾರ ನಡೆಸ್ತು. ಭದ್ರಾವತಿ ಆಕಾಶವಾಣಿ 1965ರಿಂದ ಮೀಡಿಯಂ ವೇವಲ್ಲಿ ಹಾಡು ಕೇಳಿಸ್ತು. ಟ್ವೀಟರ್ ಎಲ್ಲಿತ್ತು ಅದಕ್ಕೆ? ಹಾಡಿನ ಜೀವ ಇರೋದು ನಡುವೆ. ಆ ನಡುವನ್ನ ನನ್ನ ಕಿವಿ ಇನ್ನೂ ಹಿಡೀತೈತೆ. ನಿನ್ನ ಮೀಟರಿಗೆ ಹಾಡು ಅಂದ್ರೆ ಏನಂತಾನೇ ಗೊತ್ತಿಲ್ಲ. ಅದು ಕೇಳಿದ್ದು ಒಂದೇ ಟೋನು. ಆ ಟೋನನ್ನ ಯಾರಾದ್ರೂ ಮದುವೇಲಿ ಹಚ್ತಾರಾ?

ಹುಡುಗ: ಹಚ್ಚಲ್ಲ. ಟೋನ್ ಸುಮ್ನೆ ಅಳತೆಗೆ.

ಹಿರಿಯರು: ಅಳತೆ ತಪ್ಪಾದಲ್ಲಿಗೇ ಬಂದ್ವಿ ನೋಡು. ನಿನ್ನ ಟೋನು ಸೊನ್ನೆ ಡೆಸಿಬಲ್, ಯಾವಾಗ್ಲೂ ತುದೀಲೇ. ಹಾಡು ಹಂಗಿರ್ತೈತಾ? ನಮ್ಮ ಹಳೇ ಭಾವಗೀತೆ ಕ್ಯಾಸೆಟ್ಟಿಂದ ಇಳ್ಸಿದ್ದು ಹಚ್ಚಿದ್ರೆ ತಬಲಾದ ಒಂದು ಪೆಟ್ಟು ಮೇಲೆ ಹೋಗ್ತೈತೆ, ಉಳಿದಿದ್ದೆಲ್ಲ ಎಷ್ಟೋ ಕೆಳಗೆ. ನಿನ್ನ ಲೆಕ್ಕದ ಪ್ರಕಾರ ಇಟ್ರೆ 30ರ ವಾಲ್ಯೂಮಲ್ಲೂ ಅದು ಗುಣುಗುಣು. ಗಾಡಿಯವನ ಅಪ್ಪ ಹಿಂದಿನ ಸೀಟಲ್ಲಿ ಕೂತು, ‘ಇಷ್ಟು ದುಡ್ಡು ಸುರಿದಿದ್ದು ಇದಕ್ಕಾ?’ ಅಂತಾನೆ.

ಹುಡುಗ: ಈ ಪಾಯಿಂಟ್ ನಿಮ್ಮದು. ಹಳೇ ರೆಕಾರ್ಡಿಂಗಲ್ಲಿ ಸರಾಸರಿ ಮಟ್ಟ ಕೆಳಗಿರ್ತೈತೆ. ತೊಂಬತ್ತರ ದಶಕದ ನಡುವಿಂದ ಡಿಜಿಟಲ್ ಲಿಮಿಟರ್ ಬಂದು, ಸಿನಿಮಾ ಹಾಡೆಲ್ಲ ಒತ್ತಿ ಒತ್ತಿ ಮೇಲಕ್ಕೆ ತಂದ್ರು. ಈಗಿನ ಹಾಡಿನ ಅಲೆ ನೋಡಿದ್ರೆ ಇಟ್ಟಿಗೆ ಗೋಡೆ. ಹಳೇ ಹಾಡಿನ ಸಲುವಾಗೇ ಕೆಲವರು ಸೊನ್ನೆ ಬದ್ಲು ಮೈನಸ್ 5 ಡೆಸಿಬಲ್ ಟೋನ್ ಹಾಕಿ ಸೆಟ್ ಮಾಡ್ತಾರೆ. ಆಗ ಹಳೇ ಹಾಡೂ ಗಟ್ಟಿಯಾಗಿ ಬರ್ತೈತೆ.

ಹಿರಿಯರು: ಹಂಗೇ ಮಾಡು ಮತ್ತೆ.

ಹುಡುಗ: ಅದರ ಬೆಲೆ ಕೇಳ್ರಿ. ಮೈನಸ್ 5ಕ್ಕೆ 24.5 ವೋಲ್ಟ್ ಕೂರಿಸಿದ್ರೆ, ಹಾಡು ಸೊನ್ನೆ ಮುಟ್ಟಿದಾಗ 44 ವೋಲ್ಟ್ ಕೇಳ್ತೈತೆ. ಆಂಪ್ಲಿಫೈಯರಿನ ಹತ್ರ ಇರೋದು 31.6. ಉಳಿದದ್ದೆಲ್ಲ ನೆತ್ತಿ ಕತ್ತರಿ. ಹಳೇ ಹಾಡಲ್ಲಿ ಅದು ಎಲ್ಲೋ ಒಂದು ಪೆಟ್ಟು. ಈಗಿನ ಹಾಡಲ್ಲಿ ಬೀಟ್‌ಗೊಂದ್ಸಲ. ಮೈನಸ್ 3ಕ್ಕೆ ಇಟ್ರೆ 34.6 ಕೇಳ್ತೈತೆ, ತುದಿ ಸ್ವಲ್ಪ ಸವೀತೈತೆ ಅಷ್ಟೇ. ನಾನಾದ್ರೆ ಅಲ್ಲಿಗೆ ಒಪ್ತೀನಿ. ಮುಂದಕ್ಕೆ ಒಪ್ಪಲ್ಲ.

ಹಿರಿಯರು: ಅಂದ್ರೆ ಗೇನ್ ಎಲ್ಲಿ ನಿಲ್ಬೇಕು ಅನ್ನೋದನ್ನ ಮೀಟರ್ ಹೇಳಲ್ಲ. ಅವನು ಯಾವ ಹಾಡು ಕೇಳ್ತಾನೆ ಅನ್ನೋದು ಹೇಳ್ತೈತೆ. ಕೇಳಿದ್ಯಾ ಅವನನ್ನ?

ಹುಡುಗ: ...ಇಲ್ಲ. ಫೋನಿಂದ ಬ್ಲೂಟೂತಲ್ಲಿ ಹಚ್ತೀನಿ ಅಂದಿದ್ದ, ಅಷ್ಟೇ.

ಹಿರಿಯರು: ನೋಡು. ನಾನು ಮೈಕ್ ಕಟ್ಟೋಕೆ ಹೋದ್ರೆ ಮೊದ್ಲು ಕೇಳ್ತಿದ್ದೆ: ಭಾಷಣಾನಾ, ಭಜನೆಯಾ, ನಾಟಕಾನಾ? ಹಾರ್ನ್ ಎಲ್ಲಿ ಕಟ್ಟಬೇಕು ಅನ್ನೋದೇ ಅದರ ಮೇಲೆ.

ಹುಡುಗ: ನೀವು ಅಲ್ಲೇ ಕೂತಿರ್ತಿದ್ರಿ ಕಾಕಾ. ಹರಿದ್ರೆ ಇಳಿಸ್ತಿದ್ರಿ, ಮೈಕ್ ಕೂಗಿದ್ರೆ ಮುಚ್ತಿದ್ರಿ. ಈ ಗಾಡಿ ಗೇಟ್ ದಾಟಿದ್ರೆ ನನ್ನ ಕೈ ಮುಗೀತು. ನಾಳೆ ಫೋನಿನ ವಾಲ್ಯೂಮ್ ಅರ್ಧ ಇಟ್ಟು ಡೆಕ್ಕು ಪೂರ್ತಿ ಎಳೀತಾನೋ, ತಮ್ಮನ ಕೈಗೆ ಗಾಡಿ ಕೊಡ್ತಾನೋ, ಫೆಬ್ರವರೀಲಿ ಸೂರಗೊಂಡನಕೊಪ್ಪಕ್ಕೆ ಸೇವಾಲಾಲ್ ಜಯಂತಿಗೆ ಹೋಗೋ ಗುಂಪಿನ ಜೊತೆ ಡಿಕ್ಕಿ ತೆಗೆದು ಗಂಟೆಗಟ್ಟಲೆ ಹಚ್ತಾನೋ, ಯಾವುದೂ ನಂಗೆ ಗೊತ್ತಿಲ್ಲ. ಇಲ್ಲಿಲ್ಲದ ಕೈಗೆ ನಾನು ಇಂದು ಸ್ಕ್ರೂ ತಿರುಗಿಸ್ಬೇಕು. ಕಿವಿ ಅವತ್ತಿನ ದಿನಕ್ಕೆ ಹೇಳ್ತೈತೆ. ಮೀಟರ್ ಕೆಟ್ಟ ದಿನಕ್ಕೆ ಹೇಳ್ತೈತೆ.

ಹಿರಿಯರು: ಅದು ಒಳ್ಳೇ ಮಾತು. ಆದ್ರೆ ಕೆಟ್ಟ ದಿನಕ್ಕಂತಲೇ ಕಟ್ಟಿದ ಗಾಡಿ ಒಳ್ಳೇ ದಿನಕ್ಕೆ ಸಪ್ಪೆ.

ಹುಡುಗ: ಸಪ್ಪೆ ಆಗೋಷ್ಟು ವ್ಯತ್ಯಾಸ ಏನಿಲ್ಲ ಕಾಕಾ. ಶಕ್ತಿ ಎರಡು ಪಟ್ಟು ಮಾಡಿದ್ರೆ ಬರೋದು 3 ಡೆಸಿಬಲ್ಲು. ‘ಸ್ವಲ್ಪ ಜೋರಾಯ್ತು’ ಅನ್ನೋಷ್ಟು. ‘ಎರಡು ಪಟ್ಟು ಜೋರಾಯ್ತು’ ಅನ್ನಿಸ್ಬೇಕಂದ್ರೆ 10 ಡೆಸಿಬಲ್, ಶಕ್ತಿ ಹತ್ತು ಪಟ್ಟು. 300 ಬಿಟ್ಟು 500 ಮಾಡಿದ್ರೆ ಅವನಿಗೆ ಸಿಗೋದು ಎರಡು ಚಿಲ್ಲರೆ ಡೆಸಿಬಲ್. ಅದಕ್ಕೋಸ್ಕರ ಕಾಯಿಲ್ ಪಣಕ್ಕಿಡ್ಬೇಕಾ? ಗೇನ್ ಮೇಲೆ ಹೋದಂಗೆ ಸುಯ್ಯನ್ನೋದೂ ಏರ್ತೈತೆ, ಆಕ್ಸಿಲರೇಟರ್ ಒತ್ತಿದಂಗೆ ಆಲ್ಟರ್ನೇಟರ್ ಕುಂಯ್ ಅನ್ನೋದೂ ಕೇಳ್ತೈತೆ.

ಹಿರಿಯರು: ಆ ಕುಂಯ್ ಅನ್ನೋದಕ್ಕೆ ಗೇನನ್ನೇ ಬೈಬೇಡ. ನೀನು ಅರ್ಥ್ ಎಲ್ಲಿ ಕೊಟ್ಟಿದೀಯ?

ಹುಡುಗ: ಪೇಂಟ್ ಕೆರೆದು, ಬಾಡಿಯ ಬರೀ ತಗಡಿಗೆ. ಪವರ್ ವೈರ್ ಎಡಕ್ಕೆ, ಸಿಗ್ನಲ್ ವೈರ್ ಬಲಕ್ಕೆ. ಫ್ಯೂಸ್ ಬ್ಯಾಟರಿಯ ಮಗ್ಗುಲಲ್ಲೇ.

ಹಿರಿಯರು: ಅಲ್ಲಿಗೆ ಅರ್ಧ ಗೆದ್ದೆ. ಈಗ ಇನ್ನೊಂದು. ನಿನ್ನ ಲೆಕ್ಕದಲ್ಲಿ ಗಾಡಿ ಒಳಗಿನವರು ಮಾತ್ರ ಇದಾರೆ. ಹೊರಗೆ ಒಂದು ಊರೈತೆ. ನಾವು ಮೈಕ್ ಕಟ್ಟಿದಾಗ ಊರಿಗೆ ಕೇಳ್ಳಿ ಅಂತಲೇ ಕಟ್ತಿದ್ವಿ. ಇವನು ತನ್ನೊಬ್ಬನಿಗೆ ಕಟ್ಟಿಸ್ಕಂಡು ಊರಿಗೆಲ್ಲ ಕೇಳಿಸ್ತಾನೆ.

ಹುಡುಗ: 2000ದ ಶಬ್ದಮಾಲಿನ್ಯ ನಿಯಮ ಐತಲ್ಲ. ಮನೆಗಳಿರೋ ಕಡೆ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನೂರು ಮೀಟರ್ ಒಳಗೆ ಇನ್ನೂ ಕಡಿಮೆ.

ಹಿರಿಯರು: ನಿಯಮ ಕೇಳ್ಲಿಲ್ಲ ನಾನು. ಅವನಿಗೆ ಹೇಳ್ತೀಯಾ ಅಂತ ಕೇಳ್ದೆ.

ಹುಡುಗ: ಹೇಳಿದ್ರೆ ಶಿವಮೊಗ್ಗಕ್ಕೆ ಹೋಗ್ತಾನೆ. ನೀವು ಹೇಳ್ತಿದ್ರಾ ಜಾತ್ರೆ ಕಮಿಟಿಯವರಿಗೆ, ರಾತ್ರಿ ಹತ್ತಕ್ಕೆ ನಿಲ್ಲಿಸ್ರಿ ಅಂತ?

ಹಿರಿಯರು: ...ಇಲ್ಲ. ಬಾಡಿಗೆ ಹೋಗ್ತಿತ್ತು.

ಹುಡುಗ: ಹಂಗಾದ್ರೆ ಇದರಲ್ಲಿ ಇಬ್ರೂ ಒಂದೇ ಸಾಲಲ್ಲಿ ನಿಂತಿದೀವಿ. ಬಿಡ್ರಿ, ಕೊನೇದೊಂದು ಐತೆ. ಈ ಸಣ್ಣ ನಾಬು.

(ಸ್ಟಿಯರಿಂಗಿನ ಕೆಳಗೆ ಕೂರಿಸಿದ ಬಾಸ್ ರಿಮೋಟ್ ನಾಬ್ ತೋರಿಸುತ್ತಾನೆ. ಡಿಕ್ಕಿಯ ಆಂಪ್ಲಿಫೈಯರಿನಿಂದ ಅಲ್ಲಿಯವರೆಗೆ ತೆಳುವಾದ ವೈರ್ ಬಂದಿದೆ.)

ಹುಡುಗ: ಇದು ಅವನ ಕೈಗೆ ಸಿಗೋದು. ನಾನು ಇದನ್ನ ಪೂರ್ತಿ ಮೇಲಿಟ್ಟು ಗೇನ್ ಅಳಿತೀನಿ. ಆಗ ಅವನು ಎಷ್ಟು ತಿರುಗಿಸಿದ್ರೂ ಇಳಿಸೋಕೆ ಮಾತ್ರ ಸಾಧ್ಯ, ಏರಿಸೋಕಲ್ಲ.

ಹಿರಿಯರು: ಅಲ್ಲೇ ತಪ್ಪೋದು ನೀನು. ಅರ್ಧಕ್ಕಿಟ್ಟು ಅಳಿ.

ಹುಡುಗ: ಅರ್ಧಕ್ಕಾ? ಹಂಗಾದ್ರೆ ಉಳಿದ ಅರ್ಧ ಪೂರ್ತಿ ಕ್ಲಿಪ್ಪಿಂಗಿನ ಜಾಗ. ನಾನು ಇಷ್ಟೊತ್ತು ಹೇಳಿದ್ದೆಲ್ಲ ಹೊಳೆಗೆ ಹಾಕ್ದಂಗೆ.

ಹಿರಿಯರು: ಕೇಳು. ಇವನು ಮೊದಲ ದಿನ ನಾಬ್ ಪೂರ್ತಿ ತಿರುಗಿಸ್ತಾನೆ. ತುದಿ ಮುಟ್ತು. ಇನ್ನೂ ಬೇಕು ಅನ್ಸುತ್ತೆ. ತುದಿ ಮುಟ್ಟಿದ ಯಾರಿಗಾದ್ರೂ ಅನ್ಸುತ್ತೆ. ಆಗ ಏನ್ ಮಾಡ್ತಾನೆ? ಡಿಕ್ಕಿ ತೆಗೀತಾನೆ, ಮನೇಲಿರೋ ಸ್ಕ್ರೂಡ್ರೈವರ್ ತಗಂಡು ನೀನು ಕೂರ್ಸಿದ ಗೇನನ್ನೇ ತಿರುಗ್ಸಿಬಿಡ್ತಾನೆ. ಮತ್ತೆ ಅದನ್ನ ಇಳಿಸೋರು ಯಾರೂ ಇಲ್ಲ. ಅರ್ಧಕ್ಕೆ ಅಳೆದಿದ್ರೆ? ಅರ್ಧದಲ್ಲಿ ಚೆಂದ ಬರ್ತೈತೆ, ಮುಂದೆ ಇನ್ನೂ ಜಾಗ ಐತೆ ಅಂತ ಸಮಾಧಾನ. ಯಾವತ್ತೋ ಒಂದು ಮದುವೆ ದಿಬ್ಬಣಕ್ಕೆ ಮೇಲೆ ಹಾಕ್ತಾನೆ, ಮಾರನೇ ದಿನ ಇಳಿಸ್ತಾನೆ. ನನ್ನ ಮೈಕ್‌ಸೆಟ್ಟಿನ ವಾಲ್ಯೂಮ್ ಯಾವತ್ತೂ ಹತ್ತಕ್ಕೆ ಇಟ್ಟಿದ್ದಿಲ್ಲ. ಕಮಿಟಿಯವರು ಬಂದು ‘ಜೋರು ಮಾಡ್ರಿ’ ಅಂದ್ರೆ ತಿರುಗಿಸಿ ತೋರಿಸೋಕೆ ಒಂದಿಷ್ಟು ಉಳಿಸ್ಕಂಡಿರ್ತಿದ್ದೆ.

ಹುಡುಗ: ಆ ಒಂದು ದಿಬ್ಬಣ ಸಾಕು ಕಾಕಾ, ಕಾಯಿಲ್ ಸುಡೋಕೆ. ಮೇಜಿನ ಮೇಲೆ ಬಿದ್ದೈತಲ್ಲ, ಅದೂ ಯಾರದ್ದೋ ಒಂದು ಒಳ್ಳೇ ದಿನವೇ. ಗೇನ್ ಸ್ಕ್ರೂನ ಮೇಲೆ ಬಿಳಿ ಬಣ್ಣದ ಗುರುತು ಹಾಕಿ, ಫೋಟೋ ತೆಗೆದು ಅವನ ಫೋನಿಗೆ ಕಳಿಸ್ತೀನಿ: ಇಲ್ಲಿಂದ ಸರಿದ್ರೆ ಜವಾಬ್ದಾರಿ ನಿಂದು ಅಂತ.

ಹಿರಿಯರು: ಗುರುತು ಒಳ್ಳೇದು, ನಂಗೂ ತೋಚಿರಲಿಲ್ಲ. ಆದ್ರೆ ಗುರುತು ಹಾಕಿದ ಕಡೆಗೇ ಜನರ ಬೆರಳು ಹೋಗೋದು.

ಹುಡುಗ: ನಡುವೆ ಒಂದು ಮಾಡಾಣ. ನಾಬ್ ಮುಕ್ಕಾಲಿಗೆ ಇಟ್ಟು, ಮೈನಸ್ 3ರ ಟೋನಿಗೆ ಅಳಿತೀನಿ.

ಹಿರಿಯರು: ಸಡಿಲ ಬಿಟ್ರೆ ಸುಡ್ತೈತೆ ಅಂತ ಈಗ ತಾನೇ ನೀನೇ ಹೇಳಿದ್ದು, ಈಗ ಎರಡೂ ಕಡೆ ಬಿಡ್ತೀಯಾ? ಒಂದು ಕಡೆ ಸಡಿಲಿಸು. ಟೋನ್ ನಿನ್ನ ಸೊನ್ನೇದೇ ಇರ್ಲಿ, ನಾಬ್ ನನ್ನ ಲೆಕ್ಕಕ್ಕೆ ಇಡು.

ಹುಡುಗ: ಟೋನ್ ಸೊನ್ನೆ ಆದ್ರೆ ಅವನಪ್ಪನ ಭಾವಗೀತೆ ಗುಣುಗುಣು ಅಂತೈತೆ ಅಂದ್ರಿ.

ಹಿರಿಯರು: ಅದಕ್ಕೇ ನಾಬಲ್ಲಿ ಜಾಗ ಇರ್ಬೇಕು ಅಂದಿದ್ದು.

ಹುಡುಗ: ಭಾವಗೀತೆಗೆ ಅಂತ ಬಿಟ್ಟ ಜಾಗಕ್ಕೆ ಡಿಜೆ ಹಾಡು ನುಗ್ತೈತೆ ಕಾಕಾ. ನಾಬಿಗೆ ಹಾಡಿನ ಗುರುತು ಸಿಗಲ್ಲ.

ಹಿರಿಯರು: ನಾಬಿಗೆ ಸಿಗಲ್ಲ, ಕೈಗೆ ಸಿಗ್ತೈತೆ. ಕೈಯನ್ನ ಒಂಚೂರು ನಂಬು.

(ಹುಡುಗ ಇಂಜಿನ್ ಚಾಲೂ ಮಾಡಿ ಮೀಟರ್ ಹಿಡಿದು ಕೂರುತ್ತಾನೆ. 14.1 ವೋಲ್ಟ್. ನಾಬ್ ಮುಕ್ಕಾಲಿಗೆ, ಟೋನ್ ಸೊನ್ನೆಗೆ. ಸ್ಕ್ರೂ ಕೂದಲೆಳೆಯಷ್ಟು ಸರಿದಂತೆ ಅಂಕಿ ಏರುತ್ತದೆ: 22.8, 23.9, 24.5. ಬಿಳಿ ಗುರುತು ಬೀಳುತ್ತದೆ. ಆಮೇಲೆ ಸ್ಪೀಕರ್ ವೈರ್ ಕೊಟ್ಟು, ಹಿರಿಯರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಬಾಗಿಲು ಹಾಕಿ ಹಾಡು ಹಚ್ಚುತ್ತಾನೆ. ಹಿರಿಯರು ಕಣ್ಣು ಮುಚ್ಚಿ ಕೇಳಿ, ಬಾಗಿಲ ಸ್ಪೀಕರಿನ ಗೇನ್ ಒಂದಿಷ್ಟು ಏರಿಸಲು ಹೇಳುತ್ತಾರೆ. ಕಂಠ ಬಾಸ್‌ನ ಹಿಂದೆ ನಿಂತಿದೆಯಂತೆ. ಹುಡುಗ ಏರಿಸಿ, ಮತ್ತೆ ಟೋನ್ ಹಾಕಿ ಮೀಟರ್ ನೋಡುತ್ತಾನೆ, 17.3 ದಾಟಿ 18. ಏನೂ ಹೇಳದೆ ಹಾಗೇ ಬಿಡುತ್ತಾನೆ. ಅಷ್ಟರಲ್ಲಿ ಬೈಕಿನ ಹಿಂದೆ ಕೂತು ಗಾಡಿಯವನು ಬಂದಿಳಿಯುತ್ತಾನೆ. ಸೀಟಿನಲ್ಲಿ ಕೂತವನೇ, ಹಾಡು ಇನ್ನೂ ಶುರುವಾಗುವ ಮೊದಲೇ, ಬಾಸ್ ನಾಬನ್ನು ತುದಿಯವರೆಗೆ ತಿರುಗಿಸುತ್ತಾನೆ.)

ಹುಡುಗ: ನೋಡಿದ್ರಾ ಕಾಕಾ?

ಹಿರಿಯರು: ನೋಡಿದ್ಯಾ ತಮ್ಮಾ?